ತೆಂಕಮಡಿಯಲ್ಲಿ ಒಂದೇ ಎಳೆತ

ಮೇಲ್ಕೇರಿ
ಬಿಡುವಿನ ಎಪ್ಪತ್ತನೆಯ ವರ್ಷ, ಸೋಣೆ ತಿಂಗಳ ನಲವತ್ತೊಂದನೆಯ ದಿನ

ಜಲಜಮ್ಮನವರಿಗೆ, ನಿಮ್ಮ ಮಗಳ ಮೊಮ್ಮಗಳ ಮೊಮ್ಮಗಳಾದ ಮೂಕಾಂಬು ಮಾಡುವ ನಮಸ್ಕಾರಗಳು.

ತಾರೀಕು ನೋಡಿ ಹುಬ್ಬು ಗಂಟಿಕ್ಕಬೇಡಿ. ನಿಮ್ಮಲ್ಲಿ ತಿಂಗಳು ಮೂವತ್ತೊಂದೋ ಮೂವತ್ತೆರಡೋ ದಿನಕ್ಕೆ ಮುಗಿಯುತ್ತಿತ್ತಂತೆ. ನಮ್ಮಲ್ಲಿ ಮಳೆ ಮುಗಿಯದೆ ಸೋಣೆ ಮುಗಿಯುವುದಿಲ್ಲ. ಹೋದ ವರ್ಷ ಐವತ್ತಾರು ದಿನ ನಡೆಯಿತು. ಸೋಣೆ ಕಳೆದ ಮೇಲೆ ಮದುವೆ ಎಂದುಕೊಂಡವರು ಕಾದು ಕಾದು ಸುಸ್ತಾದರು. ಇನ್ನೂ ಕೆಲವು ಮಾತುಗಳು ನಿಮ್ಮ ಕಿವಿಗೆ ವಿಚಿತ್ರವಾಗಿ ಕೇಳಬಹುದು, ಅದಕ್ಕೆ ಮೊದಲೇ ಕ್ಷಮೆ ಕೇಳುತ್ತೇನೆ. ನಿಮ್ಮನ್ನು ಏನೆಂದು ಕರೆಯುವುದು ಎಂಬುದೂ ಒಂದು ಕಷ್ಟ. ಲೆಕ್ಕಕ್ಕೆ ನೀವು ಅಜ್ಜಿಯ ಅಜ್ಜಿಗೂ ಮೇಲಿನವರು. ಆದರೆ ನಾನು ಬರೆಯುತ್ತಿರುವುದು ನಮ್ಮಲ್ಲಿ ಉಳಿದಿರುವ ಫೋಟೊದೊಳಗಿನ ನಿಮಗೆ, ಅದರಲ್ಲಿ ನಿಮಗೆ ನಲವತ್ತನಾಲ್ಕು, ನನಗೆ ಎಪ್ಪತ್ತೆರಡು. ಅಜ್ಜಿ ಎಂದರೆ ನೀವು ಬುಟ್ಟಿ ಕೆಳಗಿಟ್ಟು ಬೈಯುತ್ತೀರಿ ಎಂದು ನಿಮ್ಮ ಫೋಟೊ ನೋಡಿದರೇ ತಿಳಿಯುತ್ತದೆ. ಮೀನಿನ ಬುಟ್ಟಿ ಹೊತ್ತು, ಫೋಟೊ ತೆಗೆಯುವವನನ್ನು ಸುಟ್ಟುಬಿಡುವ ಹಾಗೆ ನೋಡುತ್ತಿದ್ದೀರಿ. ನಮ್ಮ ಮನೆಯ ಹೆಂಗಸರಿಗೆಲ್ಲ ಆ ನೋಟ ಬಂದಿದೆ. ಆದ್ದರಿಂದ ಜಲಜಮ್ಮ ಎಂದೇ ಬರೆಯುತ್ತೇನೆ.

ಇದು ಹಿನ್ನೋಲೆ. ದೊಡ್ಡ ಕೆಲಸಕ್ಕೆ ಹೊರಡುವ ಮುಂಚೆ, ಆ ಕೆಲಸ ಗೊತ್ತಿದ್ದ ಹಿಂದಿನವರೊಬ್ಬರಿಗೆ ಕಾಗದ ಬರೆದು ಅಪ್ಪಣೆ ಕೇಳುವುದು ನಮ್ಮ ಪದ್ಧತಿ. ಬರೆದದ್ದನ್ನು ಅವರ ಮನೆ ಇದ್ದ ಜಾಗದಲ್ಲಿ ಗಟ್ಟಿಯಾಗಿ ಓದಬೇಕು. ನಿಮ್ಮ ಮನೆ ಇದ್ದದ್ದು ಕೆಳಕೇರಿಯಲ್ಲಿ. ಅದರ ಮಾಡಿನ ಮೇಲೆ ಈಗ ಮೂರಾಳು ನೀರು. ನಾಳೆ ಇಳಿತದ ಹೊತ್ತಿಗೆ ನಾನೊಬ್ಬಳೇ ಸಣ್ಣ ಓಡದಲ್ಲಿ ಬಂದು ಓದುತ್ತೇನೆ. ಒಬ್ಬಳೇ ಏಕೆಂದರೆ, ಇದರಲ್ಲಿರುವ ಒಂದು ಸಂಗತಿ ನಮ್ಮ ಹೆರಿಯಣ್ಣನ ಕಿವಿಗೆ ಬೀಳಬಾರದು.

ಕೆಲಸ ಯಾವುದೆಂದು ಹೇಳುತ್ತೇನೆ. ನಾವು ಮೀನು ಹಿಡಿಯಲು ಹೋಗುತ್ತಿದ್ದೇವೆ.

ನೀವು ನಗುತ್ತಿರಬಹುದು. ನಿಮಗೆ ಅದು ದಿನ ಬೆಳಗಿನ ಮಾತು. ನಮಗೆ ಹಾಗಲ್ಲ. ಎಪ್ಪತ್ತು ವರ್ಷದ ಹಿಂದೆ, ಬಲೆ ಹಾಕಿದರೆ ಬರಿಯ ನೀರು ಸೋರುವ ಕಾಲ ಬಂದಾಗ, ಕಡಲಿಗೆ ಬಿಡುವು ಕೊಡಬೇಕೆಂದು ತೀರ್ಮಾನವಾಯಿತು. ಬಡಗಿನಿಂದ ತೆಂಕಿನ ತುದಿಯವರೆಗೆ ಯಾರೂ ಬಲೆ ಇಳಿಸಬಾರದು. ಅದನ್ನು ನೋಡಿಕೊಳ್ಳುವ ಕಚೇರಿಗೆ ಕಡಲ ಪಾರುಪತ್ಯ ಎನ್ನುತ್ತೇವೆ. ನಿಮ್ಮ ಕಾಲದವರ ಮೇಲೆ ಸಿಟ್ಟಿಲ್ಲ ಎಂದರೆ ಸುಳ್ಳಾಗುತ್ತದೆ. ಕಿರುಬೆರಳಿನಷ್ಟು ಮರಿಗಳನ್ನೂ ಬಾಚಿದರಂತೆ, ಹಿಟ್ಟು ಮಾಡಿ ಮಾರಿದರಂತೆ. ಆದರೆ ಬುಟ್ಟಿ ಹೊತ್ತು ಮನೆಮನೆಗೆ ಹೋದ ನಿಮ್ಮ ಮೇಲೆ ಯಾವ ಸಿಟ್ಟು? ನಿಮ್ಮ ಬುಟ್ಟಿಯಿಂದ ಕಡಲು ಬರಿದಾಗಲಿಲ್ಲ.

ಹಾಗೆಂದು ನಾವು ಉಪವಾಸವಿಲ್ಲ. ಗದ್ದೆಗಳು ನೀರಿನ ಮೇಲೆ ತೇಲುತ್ತವೆ. ಬಿದಿರಿನ ತೆಪ್ಪಗಳ ಮೇಲೆ ಕೆಸರು ಹರಡಿ ಕಗ್ಗದ ಭತ್ತ ಬೆಳೆಯುತ್ತೇವೆ. ಉಪ್ಪುನೀರಿಗೆ ಜಗ್ಗದ ಆ ಭತ್ತ ನಿಮ್ಮ ಕಡೆಯಿಂದಲೇ ಬಂದದ್ದು, ಅದಕ್ಕೆ ದೊಡ್ಡ ಉಪಕಾರ. ಗಾಳಿ ಜೋರಾದರೆ ಗದ್ದೆ ಪಕ್ಕದವರ ಅಂಗಳಕ್ಕೆ ಹೋಗಿ ನಿಲ್ಲುತ್ತದೆ, ಅವರು ನಿಂತಲ್ಲೇ ನಾಲ್ಕು ತೆನೆ ಕೊಯ್ದುಕೊಂಡರೆ ನಾವು ಕಾಣದವರ ಹಾಗೆ ಇರುತ್ತೇವೆ. ಓಡಗಳು ಬಿಸಿಲುಹಾಯಿಯಿಂದ ನಡೆಯುತ್ತವೆ. ಹಾಯಿ ಬಿಸಿಲು ಕುಡಿದು ಅಡಿಯ ಚಕ್ರ ತಿರುಗಿಸುತ್ತದೆ, ಮೋಡ ಬಂದರೆ ಹುಟ್ಟು ಹಾಕಬೇಕು. ಮೀನೂ ಉಂಟು, ತೊಟ್ಟಿಮೀನು. ಮೀನಿನ ಮಾಂಸವನ್ನಷ್ಟೇ ತೊಟ್ಟಿಯಲ್ಲಿ ಬೆಳೆಸಿ ಹಲಗೆಯ ಹಾಗೆ ಕೊಯ್ದು ಕೊಡುತ್ತಾರೆ. ಅದಕ್ಕೆ ತಲೆಯಿಲ್ಲ, ಬಾಲವಿಲ್ಲ, ಮುಳ್ಳಿಲ್ಲ. ಸಾರು ಮಾಡಿದರೆ ಮೆಣಸಿನದೇ ರುಚಿ.

ಈ ಮೀನಿನ ಬರಗಾಲದಲ್ಲಿ ನಮ್ಮ ಹೆರಿಯಣ್ಣ ಅರ್ಜಿ ಬರೆಯುತ್ತಲೇ ಬಂದ. ಹೆರಿಯಣ್ಣ ಎಂದರೆ ನನ್ನ ಒಡಹುಟ್ಟಿದ ದೊಡ್ಡಣ್ಣ. ಏಳು ಮಕ್ಕಳಲ್ಲಿ ಅವನು ಮೊದಲು, ನಾನು ಕೊನೆ, ಉಳಿದಿರುವುದು ನಾವಿಬ್ಬರೇ. ಅವನಿಗೀಗ ಎಂಬತ್ತೊಂಬತ್ತು. ಬಿಡುವು ಶುರುವಾಗುವ ಹಿಂದಿನ ದಿನ ನಮ್ಮ ದಂಡೆಯ ಕೊನೆಯ ಕೈರಂಪಣಿ ಬಲೆಯನ್ನು ಹಗ್ಗ ಹಿಡಿದು ದಡಕ್ಕೆ ಎಳೆದವರ ಪೈಕಿ ಬದುಕಿರುವವನು ಅವನೊಬ್ಬನೇ. ಮೂವತ್ತೊಂದು ವರ್ಷ ಪಾರುಪತ್ಯಕ್ಕೆ ಅರ್ಜಿ ಬರೆದ. ಕಡಲಲ್ಲಿ ಮೀನು ತಿರುಗಿ ಬಂದಿದೆ, ಒಂದೇ ಒಂದು ಸಲ ಕೈಯಿಂದ ಎಳೆಯಲು ಬಿಡಿ, ಇಲ್ಲವಾದರೆ ಎಳೆಯುವುದು ಹೇಗೆಂದು ಗೊತ್ತಿರುವ ಕೊನೆಯವನೂ ಹೋಗುತ್ತಾನೆ ಎಂದು. ಈ ಸೋಣೆಯಲ್ಲಿ ಅಪ್ಪಣೆ ಬಂತು. ಇಲ್ಲಿಂದ ತೆಂಕಿಗೆ ನಾಲ್ಕು ದಿನದ ದಾರಿ, ತೆಂಕಮಡಿ ಎಂಬ ಹೊಸ ಮರಳುದಂಡೆ. ನಲವತ್ತೆರಡು ಜನ, ಮೂರು ಓಡ, ಒಂದು ಬಲೆ, ಒಂದೇ ಎಳೆತ. ಇನ್ನೊಂದು ಅಪ್ಪಣೆ ಇಪ್ಪತ್ತು ವರ್ಷದವರೆಗೆ ಇಲ್ಲ. ಕಾಗದ ಓದಿದ ದಿನ ಅವನು ಮಧ್ಯಾಹ್ನದ ಊಟವನ್ನೇ ಎರಡು ಸಲ ಉಂಡ. ಮೊದಲು ಉಂಡದ್ದು ಮರೆತುಹೋಗಿತ್ತು.

ತಯಾರಿಯ ಗದ್ದಲ ನೀವು ನೋಡಬೇಕಿತ್ತು. ನಾರಿನ ಹಗ್ಗ ಹೊಸೆದು ಹೊಸೆದು ಕೇರಿಯವರ ಅಂಗೈಯೆಲ್ಲ ಕೆಂಪು. ಬಲೆಯ ಕಣ್ಣು ಮೂರು ಬೆರಳು ಹೋಗುವಷ್ಟು ದೊಡ್ಡದಿರಬೇಕು, ಮರಿಗಳು ದಾಟಿಹೋಗಬೇಕು ಎಂದು ಪಾರುಪತ್ಯದ ಕಟ್ಟಪ್ಪಣೆ. ಹಾದಿಗೆ ಅವಲಕ್ಕಿ, ಬೆಲ್ಲ, ಮುರುಗಲ ಸಿಪ್ಪೆ, ಕುಡಿಯುವ ನೀರಿನ ಗಡಿಗೆ. ಮೊದಲ ದಿನ ಮುಳುಗಿದ ಸೇತುವೆಯ ಕಂಬಗಳ ತನಕ, ಎರಡನೆಯ ದಿನ ದೀಪಸ್ತಂಭದ ಕಲ್ಲಿನವರೆಗೆ ಎಂದು ತಾಂಡೇಲ ಫಿಲೋಮಿನ ಗೆರೆ ಎಳೆದಿದ್ದಾಳೆ. ಮೂರೂ ಓಡಗಳಿಗೆ ಅವಳೇ ಯಜಮಾನಿ, ಮಾತು ಕಡಿಮೆ, ಹೇಳಿದ್ದೇ ಕೊನೆ. ಎಲ್ಲಕ್ಕಿಂತ ದೊಡ್ಡ ಹೆದರಿಕೆ ಮುಳ್ಳಿನದು. ಹುಟ್ಟಿದಾಗಿನಿಂದ ತೊಟ್ಟಿಮೀನು ತಿಂದವರಿಗೆ ಮುಳ್ಳು ಬಿಡಿಸುವುದು ಹೇಗೆ ಗೊತ್ತಿರಬೇಕು? ಹೆರಿಯಣ್ಣ ಅನ್ನದ ಉಂಡೆಯೊಳಗೆ ತೆಂಗಿನ ನಾರು ಸೇರಿಸಿ ಎಲ್ಲರಿಗೂ ತಿನ್ನಿಸಿದ. ನಾಲಿಗೆಯಲ್ಲೇ ಹುಡುಕಿ ತುಟಿಯಿಂದ ಹೊರಗೆ ಎಳೆಯಬೇಕು, ಕೈ ಹಾಕಿದರೆ ನಪಾಸು. ಐವತ್ತು ದಾಟಿದ ಮೇಸ್ಟರೊಬ್ಬರು ಮೂರು ದಿನ ನಪಾಸಾಗಿ ಈಗ ಯಾರ ಜೊತೆಗೂ ಮಾತಾಡುತ್ತಿಲ್ಲ.

ಈಗ ಹೆರಿಯಣ್ಣನ ಕಿವಿಗೆ ಬೀಳಬಾರದ ಸಂಗತಿ. ನಲವತ್ತೆರಡು ಹೆಸರಿನ ಪಟ್ಟಿ ಬರೆಯುವ ಕೆಲಸ ನನ್ನದು. ಹೆರಿಯಣ್ಣನಿಗೆ ಎರಡು ವರ್ಷದಿಂದ ಕಾಲು ಬರುವುದಿಲ್ಲ. ಗಾಲಿಕುರ್ಚಿಯಲ್ಲಿ ತಳ್ಳಬೇಕು, ಎತ್ತಿ ಇಳಿಸಬೇಕು. ಬಲೆಗೆ ನಲವತ್ತು ಜೊತೆ ಗಟ್ಟಿ ಕೈಗಳಾದರೂ ಬೇಕೆಂದು ಫಿಲೋಮಿನ ಹೇಳಿದ್ದಳು. ಎಳೆಯಲಾಗದವನಿಗೆ ಒಂದು ಜಾಗ ಕೊಟ್ಟು ಎಳೆತವೇ ಕೆಟ್ಟರೆ, ಮೂವತ್ತೊಂದು ವರ್ಷದ ಅವನ ಅರ್ಜಿ ನೀರಿಗೆ ಬೀಳುತ್ತದೆ. ಹೀಗೆಲ್ಲ ನನಗೆ ನಾನೇ ಹೇಳಿಕೊಂಡು ಅವನ ಹೆಸರು ಬಿಟ್ಟು ಪಟ್ಟಿ ಬರೆದೆ. ಅವನಿಗೆ ಹೇಳಲಿಲ್ಲ. ಅವನು ದಿನವೂ ಕೇಳುತ್ತಿದ್ದ, "ನನ್ ಹೆಸ್ರ್ ಎಡಬದಿಗ್ ಬರ್ದ್ಯಾ ಮಾರಾಯ್ತಿ?" ನಾನು ಹೂಂ ಎನ್ನುತ್ತಿದ್ದೆ. ಎಪ್ಪತ್ತೆರಡು ವರ್ಷದಲ್ಲಿ ನಾನು ಅವನಿಗೆ ಹೇಳಿದ ಅತಿ ದೊಡ್ಡ ಸುಳ್ಳು ಅದು. ಮೂರು ದಿನ ಅನ್ನ ಗಂಟಲಲ್ಲಿ ಇಳಿಯಲಿಲ್ಲ, ಅದರಲ್ಲಿ ನಾರು ಇರಲಿಲ್ಲ.

ಮೊನ್ನೆ ಒಣ ದಂಡೆಯಲ್ಲಿ ಅಭ್ಯಾಸ ನಡೆಯಿತು. ಬಲೆಯೊಳಗೆ ಮೀನಿನ ಬದಲು ಮರಳಿನ ಚೀಲ ತುಂಬಿ, ಇಪ್ಪತ್ತೊಂದು ಜನ ಎಡಬದಿಯ ಹಗ್ಗಕ್ಕೆ, ಇಪ್ಪತ್ತೊಂದು ಜನ ಬಲಬದಿಗೆ. ಪಾರುಪತ್ಯ ಕಳಿಸಿದ ಹಳೆಯ ಚಿತ್ರವನ್ನು ಎದುರಿಗಿಟ್ಟುಕೊಂಡು ಅದರಲ್ಲಿ ಇದ್ದ ಹಾಗೆಯೇ ನಿಂತೆವು. ಎಲ್ಲರಿಗೂ ಹುಮ್ಮಸ್ಸು, ಎಳೆದದ್ದೇ ಎಳೆದದ್ದು. ಬಲೆ ಅರ್ಧ ಬರುವ ಹೊತ್ತಿಗೆ ಎಡಬದಿ ಬಹಳ ಮುಂದೆ ಬಂದು, ಬಲಬದಿ ಹಿಂದೆ ಉಳಿದು, ಬಲೆಯ ಬಾಯಿ ವಾರೆಯಾಗಿ ಮರಳಿನ ಚೀಲಗಳೆಲ್ಲ ಪಕ್ಕದಿಂದ ಹೊರಗೆ ಉರುಳಿದವು. ನಿಜವಾದ ಮೀನಾಗಿದ್ದರೆ ಒಂದೂ ಉಳಿಯುತ್ತಿರಲಿಲ್ಲ. ಮತ್ತೆ ಮಾಡಿದೆವು, ಮತ್ತೆ ಹಾಗೆಯೇ. ಮೂರನೆಯ ಸಲ ಕುರ್ಚಿಯಲ್ಲಿ ಕೂತಿದ್ದ ಹೆರಿಯಣ್ಣ ಕೂಗಿದ.

"ನಿಲ್ಸಿ, ನಿಲ್ಸಿ ಮಾರಾಯ್ರೆ! ಬಾಲ ಹಿಡುಕೆ ಯಾರೂ ಇಲ್ಯಾ?"

ಯಾವ ಬಾಲ ಎಂದು ಎಲ್ಲರೂ ಅವನ ಮುಖ ನೋಡಿದೆವು. ಅವನು ನಮ್ಮ ಮುಖ ನೋಡಿದ. ಆಮೇಲೆ ತಿಳಿಯಿತು. ಎಳೆಯುವವರ ಹಿಂದೆ, ಎರಡೂ ಬದಿಯಲ್ಲಿ ಒಬ್ಬೊಬ್ಬರು ಮರಳಿನ ಮೇಲೆ ಕೂರಬೇಕು. ಬಂದ ಹಗ್ಗವನ್ನು ಸುತ್ತಿ ಸುತ್ತಿ ಇಡಬೇಕು, ಒಂದೊಂದು ಸುತ್ತಿಗೂ ಎಣಿಕೆ ಕೂಗಬೇಕು. ಎಡಗಡೆ ಹದಿನೇಳು ಎಂದರೆ ಬಲಗಡೆಯೂ ಹದಿನೇಳು ಎನ್ನುವವರೆಗೆ ಎಡಬದಿ ನಿಲ್ಲಬೇಕು. ಹಗ್ಗದ ಬಾಲ ಹಿಡಿಯುವವರು ಅವರೇ. ಚಿತ್ರ ಬರೆದವರು ಹಾಳೆ ಸಾಲದೆ ಆ ಇಬ್ಬರನ್ನು ಬಿಟ್ಟಿದ್ದರು, ನಾವು ಹಾಳೆಯಲ್ಲಿ ಇಲ್ಲದವರು ದಂಡೆಯಲ್ಲೂ ಇಲ್ಲ ಎಂದುಕೊಂಡಿದ್ದೆವು. ಮೊದಲೇ ಏಕೆ ಹೇಳಲಿಲ್ಲ ಎಂದು ಕೇಳಿದರೆ ಹೆರಿಯಣ್ಣನಿಗೆ ನಿಜವಾಗಿ ಆಶ್ಚರ್ಯ. "ಅದನ್ನೂ ಹೇಳ್ಕಾ? ಅನ್ನ ಬಾಯಿಗ್ ಇಡಿ ಅಂದೂ ಹೇಳ್ಕಾ?" ಎಂದ.

ಅವನನ್ನು ಕುರ್ಚಿಯಿಂದ ಎತ್ತಿ ಎಡಬದಿಯ ಹಗ್ಗದ ಹಿಂದೆ ಮರಳಿನಲ್ಲಿ ಕೂರಿಸಿದೆವು. ಬಲಬದಿಗೆ ಫಿಲೋಮಿನ ತನ್ನವರಲ್ಲೇ ಒಬ್ಬಳನ್ನು ಕೂರಿಸಿದಳು. ಆ ಸತ್ತ ಕಾಲುಗಳನ್ನು ಮುಂದೆ ಚಾಚಿಕೊಂಡು, ನಡುವೆ ಹಗ್ಗ ಸುತ್ತುತ್ತ, ಅವನು ಕೂಗಿದ ದನಿಗೆ ಇಡೀ ದಂಡೆ ಒಂದಾಗಿ ನಡೆಯಿತು. ಬಲೆಯ ಎರಡು ತುದಿ ಒಂದೇ ಗಳಿಗೆಗೆ ಬಂದು ಸೇರಿದವು, ಚೀಲಗಳೆಲ್ಲ ಒಳಗೇ ಇದ್ದವು. ಫಿಲೋಮಿನ ನನ್ನ ಪಕ್ಕಕ್ಕೆ ಬಂದು ಮೆಲ್ಲಗೆ ಕೇಳಿದಳು, "ಇವ್ರ್ ಹೆಸ್ರ್ ಪಟ್ಟಿಯಂಗ್ ಇತ್ತಲ್ದಾ?" ನಾನು ಹೂಂ ಎಂದೆ. ಮನೆಗೆ ಬಂದು ಬಾಗಿಲು ಹಾಕಿಕೊಂಡು ಅತ್ತುಬಿಟ್ಟೆ, ಜಲಜಮ್ಮ. ಅವನ ಕಾಲು ಮಾತ್ರ ನೋಡಿದ್ದೆ ನಾನು, ಅವನನ್ನು ನೋಡಿರಲಿಲ್ಲ.

ಪಟ್ಟಿ ಇವತ್ತು ಸರಿಮಾಡಿದೆ. ಹೆರಿಯ, ಎಂಬತ್ತೊಂಬತ್ತು, ಕೆಲಸ: ಎಡಬದಿಯ ಬಾಲ. ನಲವತ್ತೆರಡಕ್ಕಿಂತ ಒಂದು ಹೆಸರೂ ಹೆಚ್ಚಾಗುವಂತಿಲ್ಲ. ಎಳೆಯುವವರಲ್ಲಿ ಅತಿ ಕಡಿಮೆ ಎಳೆಯುವವರು ಯಾರು ಎಂದು ನಿಷ್ಠೆಯಿಂದ ಯೋಚಿಸಿದೆ. ಮಂಡಿ ನೋಯುವ, ಮೂರನೆಯ ಎಳೆತಕ್ಕೇ ಏದುಸಿರು ಬಿಡುವ ಒಬ್ಬಳು ಇದ್ದಳು. ಅವಳ ಹೆಸರು ಹೊಡೆದುಹಾಕಿದೆ. ಅದು ನನ್ನದೇ ಹೆಸರು. ಸುಳ್ಳು ಹೇಳುವುದಿಲ್ಲ, ನನಗೂ ಆಸೆ ಇತ್ತು. ಬಹಳ ಇತ್ತು. ಈ ಮಾತು ಹೆರಿಯಣ್ಣನಿಗೆ ಓಡ ದಂಡೆ ಬಿಟ್ಟ ಮೇಲೆ ಗೊತ್ತಾಗುತ್ತದೆ. ಇಳಿಯಲು ಕಾಲಿಲ್ಲ, ಅಲ್ಲಿಂದಲೇ ಕೂಗಾಡುತ್ತಾನೆ. ಕೂಗಾಡಲಿ, ಗಂಟಲು ಹದವಾಗುತ್ತದೆ.

ನಿಮ್ಮಲ್ಲಿ ನನ್ನ ಕೇಳಿಕೆ ಎರಡು. ಹೋಗುತ್ತ ಬರುತ್ತ ಎಂಟು ದಿನ ಅವನ ಮೇಲೆ ಒಂದು ಕಣ್ಣಿಡಿ, ಓಡದ ಅಂಚಿಗೆ ಬಹಳ ಬಾಗುತ್ತಾನೆ. ಇನ್ನೊಂದು, ನಿಮ್ಮ ದಂಡೆಯಲ್ಲಿ ಇವತ್ತು ಬಲೆ ಬಂದಾಗ ಅದರಲ್ಲಿ ಕಿರುಬೆರಳಿನ ಮರಿಗಳಿದ್ದರೆ, ಸುತ್ತಲಿನವರು ಎಷ್ಟೇ ನಗಲಿ, ನಿಮ್ಮ ಆ ಸುಡುವ ನೋಟ ನೋಡಿ ಅವುಗಳನ್ನು ನೀರಿಗೆ ಬಿಡಿಸಿ. ನಮ್ಮ ಬಲೆಗೆ ಬರಬೇಕಾದವು ಅವುಗಳ ಮಕ್ಕಳು.

ಹಗ್ಗ ಮುಟ್ಟಿದವರಿಗೆ ಮಾತ್ರ ಪಾಲು ಎನ್ನುವುದು ನಿಮ್ಮ ಕಾಲದ ಕಟ್ಟಳೆ, ನಾವೂ ಅದನ್ನೇ ಇಟ್ಟುಕೊಂಡಿದ್ದೇವೆ. ಆದ್ದರಿಂದ ನನಗೆ ಪಾಲಿಲ್ಲ. ಆದರೆ ನನ್ನ ಅಣ್ಣ ನನಗೆ ಗೊತ್ತು. ಬಿಡುವಿನ ಹಿಂದಿನ ದಿನ ಅವನ ಪಾಲಿಗೆ ಎರಡು ಬಂಗುಡೆ ಬಂದಿದ್ದವಂತೆ. ನನಗೆ ಆಗ ಎರಡು ವರ್ಷ. ತಾನು ಒಂದು ತುಣುಕೂ ಬಾಯಿಗೆ ಹಾಕದೆ, ಕೂತು ಮುಳ್ಳೆಲ್ಲ ಬಿಡಿಸಿ, ಇನ್ನು ಇವಳಿಗೆ ಸಿಗುವುದಿಲ್ಲ ಎಂದು ನನ್ನ ಬಾಯಿಗಿಟ್ಟನಂತೆ. ಅಷ್ಟನ್ನೂ ನಾನು ಅವನ ಅಂಗಿಯ ಮೇಲೆ ಉಗುಳಿದೆನಂತೆ.

ತನ್ನ ಪಾಲಿನ ಮೀನನ್ನು ಉಪ್ಪು ಹಾಕಿ ಎಲೆಯಲ್ಲಿ ಸುತ್ತಿ ನನಗೆ ತಂದೇ ತರುತ್ತಾನೆ. ಈ ಸಲ ಉಗುಳುವುದಿಲ್ಲ.

ನಿಮ್ಮ ಹುಡುಗಿ,
ಮೂಕಾಂಬು