ಗೋಡೆಯಾಚೆಯ ಆರನೇ ದೀಪ

ಪೀಣ್ಯ, ಬೆಂಗಳೂರು
೧೪-೧೧-೧೯೯೭

ಸೊಸೆ ಉಮಾಶ್ರೀಗೆ,

ನಿನ್ನ ಅತ್ತೆ, ಎಸ್ಸೆಸ್ಸೆಲ್ಸಿ ಪಾಸಾದವಳು, ಗಂಡ ಹೋದ ಮೇಲೆ ಹನ್ನೊಂದು ವರ್ಷ ಈ ಶೆಡ್ಡು ನಡೆಸಿದವಳು, ತಾನಾಗಿ ಯಾರಿಗೂ ಕಾಗದ ಬರೆದವಳಲ್ಲ. ನಿನಗೆ ಬರೆಯುತ್ತಿದ್ದೇನೆ. ದಾವಣಗೆರೆಗೆ ಹೋದ ಮೇಲೆ ಕೆಮ್ಮು ಹೇಗಿದೆ? ನಿನ್ನ ತಾಯಿಯವರ ಮಂಡಿನೋವು? ಇಲ್ಲಿ ನಿನ್ನ ಗಂಡ ರುದ್ರೇಶ್ ತಿಂಗಳಿನಿಂದ ನನ್ನ ಮುಖ ನೋಡದೆ ಉಣ್ಣುತ್ತಿದ್ದ. ದೀಪಾವಳಿಯ ಹೋಳಿಗೆಯನ್ನೂ ಮುಟ್ಟಲಿಲ್ಲ.

ನಮಗೆ ಆರ್ಡರ್ ಕೊಟ್ಟ ಗುಜರಾತಿನ ಸಂಶೋಧನಾ ಕೇಂದ್ರದವರ ಕೊಳವೆ ಇನ್ನೂ ಶೆಡ್ಡಿನಲ್ಲೇ ಇದೆ. ರೊಟ್ಟಿ ಬೇಯಿಸುತ್ತಾ ನೀನು ಹೇಳಿದ್ದು ನೆನಪಿದೆ. ಸೂರ್ಯನ ಹಾಗೆ ಉರಿಯುವ ಅವರ ಯಂತ್ರದ ಹತ್ತಿರ ಮನುಷ್ಯರು ಹೋಗುವಂತಿಲ್ಲ. ಲೋಹದ ಚೂರನ್ನು ಡಬ್ಬಿಯಲ್ಲಿಟ್ಟು ಕೊಳವೆಯೊಳಗೆ ಗಾಳಿಯಿಂದ ತಳ್ಳಿ, ಆಮೇಲೆ ವಾಪಸ್ ತರಿಸಿ ಪರೀಕ್ಷೆ ಮಾಡುತ್ತಾರೆ. ಡಬ್ಬಿ ಎಲ್ಲಿದೆಯೆಂದು ದೂರದಿಂದಲೇ ತಿಳಿಯಲು ದಾರಿಯುದ್ದಕ್ಕೂ ನೀನೇ ಜೋಡಿಸಿದ ಆರು ಗಾಜಿನ ಕಣ್ಣು. ಡಬ್ಬಿ ಹಾದರೆ ಮೇಜಿನ ಮೇಲೆ ದೀಪ ಹತ್ತುತ್ತದೆ. "ಊರಿಗೆ ಹೋದವ್ರು ತಲುಪಿದ್ವಿ ಅಂತ ಫೋನ್ ಮಾಡಲ್ವಾ ಅತ್ತೆ, ಹಂಗೆ" ಅಂದಿದ್ದೆ. "ಹಂಚಿನ ಕಡೆ ನೋಡು, ರೊಟ್ಟಿ ಸೀಯ್ತಿದೆ" ಎಂದು ನಾನು ಗದರಿದ್ದೆ. ಕೇಳಲು ಇಷ್ಟವಾಗಿತ್ತು, ತೋರಿಸಲಿಲ್ಲ.

ಆಯುಧಪೂಜೆಯಾದ ಮೂರನೇ ದಿನ ಅವರ ಇಂಜಿನಿಯರುಗಳು ಬಂದರು. ಐದು ದೀಪ ಹತ್ತಿದವು, ಶೆಡ್ಡಿನ ಗೋಡೆಯಾಚೆಯ ಕಣ್ಣಿನದು, ಆರನೆಯದು, ಹತ್ತಲಿಲ್ಲ; ಕೊಳವೆ ಒಪ್ಪಿಕೊಳ್ಳದೆ ಹೋದರು. ಮುನಿಯಣ್ಣನಿಂದ ಹಿಡಿದು ಎಲ್ಲ ಕೆಲಸದವರೆದುರು ನಾನು ನಿನಗೆ "ಡಿಪ್ಲೊಮಾ ಓದಿದ್ದು ಇದಕ್ಕಾ? ನಿನ್ನ ಮಾವನ ಹೆಸರು ಕಳೆದೆ" ಅಂದೆ. ಮಾರನೆಯ ದಿನ ಅದೇ ದೀಪ ಹತ್ತಿದಾಗ, ಸಡಿಲ ಬಿಟ್ಟಿದ್ದ ತಂತಿಯನ್ನು ಕದ್ದು ಬಿಗಿ ಮಾಡಿದ್ದೀಯ ಎಂದೂ ಅಂದೆ. "ನಾನು ಮುಟ್ಟೇ ಇಲ್ಲ ಅತ್ತೆ" ಅಂದವಳು ಬಸ್ಸು ಹತ್ತಿದೆ.

ನೀನು ಮುಟ್ಟಿರಲಿಲ್ಲ. ಪೂಜೆಯ ದಿನ ಲೇತಿಗೆ, ಡ್ರಿಲ್ಲಿಗೆ ಎಲ್ಲಕ್ಕೂ ವಿಭೂತಿ ಹಚ್ಚಿದವಳು ನಾನು. ಗೋಡೆಯಾಚೆ ಆ ಆರನೇ ಗಾಜಿನ ಕಣ್ಣು ಹೊಳೆಯುತ್ತಿತ್ತು. ಹಣೆಯ ಹಾಗೆ ಕಂಡಿತು, ಮೂರು ಬೆರಳು ಎಳೆದು ಮೇಲೆ ಕುಂಕುಮವನ್ನೂ ಇಟ್ಟೆ. ಬೆಳಕು ಹೋಗುವ ದಾರಿಗೆ ನಾನೇ ಅಡ್ಡ ಬಳಿದಿದ್ದೆ.

ನಿನ್ನ ತಾಯಿಯವರಿಗೆ ನಮಸ್ಕಾರ ತಿಳಿಸು. ನಿನಗೆ ಆಶೀರ್ವಾದ ಬರೆಯಲು ಕೈ ಹಿಂಜರಿಯುತ್ತದೆ. ಆದರೂ ಚೆನ್ನಾಗಿ ಬಾಳು, ತಾಯಿ.

ನಿನ್ನ ಅತ್ತೆ,
ಲಕ್ಷ್ಮವ್ವ

ಇನ್ನೊಂದು ಮಾತು: ಇದು ನನಗೆ ಈಗ ತಿಳಿದದ್ದಲ್ಲ. ಇಂಜಿನಿಯರುಗಳು ಹೋದ ಸಂಜೆಯೇ ನೋಡಿ, ಸೆರಗಿನಿಂದ ಒರೆಸಿ, ಸುಮ್ಮನಾದೆ. ನೀನು ಬಸ್ಸು ಹತ್ತುವಾಗಲೂ ಗೊತ್ತಿತ್ತು. ನಿನ್ನೆ ಇದನ್ನೆಲ್ಲ ಗುಜರಾತಿಗೆ ಇಂಗ್ಲಿಷಿನಲ್ಲಿ ಬರೆಯಲು ರುದ್ರೇಶನನ್ನೇ ಕೂರಿಸಿಕೊಂಡು ಒಂದೊಂದೇ ಮಾತು ಹೇಳಿದೆ. ಸೆರಗಿನ ಮಾತಿಗೆ ಬಂದಾಗ ಪೆನ್ನು ನಿಲ್ಲಿಸಿ ನನ್ನ ಮುಖ ನೋಡಿದ. "ಬರಿ" ಅಂದೆ. ಬರೆದ. ಸಹಿ ನನ್ನದು. ರಿಜಿಸ್ಟರ್ ಮಾಡಿ ಕಳಿಸಿಯಾಗಿದೆ.