ಬರ್ದಿದ್ದು ಓದ್ಲಾ

ಬಾಶೆಟ್ಟಿಹಳ್ಳಿ
9-2-1993

ಪಿಳ್ಳಪ್ಪ ಮಾಮನಿಗೆ ವಸಂತ ಮಾಡುವ ನಮಸ್ಕಾರ.

ಸೊಣ್ಣಮ್ಮತ್ತೆ, ಅಕ್ಷತ ಚೆನ್ನಾಗಿದ್ದಾರೆ ಅನ್ಕೊಂಡಿದ್ದೀನಿ. ನೀನು ಪೇಪರ್ ಮಿಲ್ಲು ಬಿಟ್ಟು ಸಮೇತನಹಳ್ಳಿಗೆ ಹೋಗಿ ಎಂಟು ತಿಂಗಳಾಯ್ತು, ಒಂದು ಕಾಗದ ಹಾಕಲಿಲ್ಲ. ಪುರುಸೊತ್ತಿರಲಿಲ್ಲ ಅಂದ್ರೆ ಸುಳ್ಳು. ಮುಖ ಇರಲಿಲ್ಲ. ಅಕ್ಷತ, ನಿಮ್ಮಪ್ಪಂಗೆ ನಿಧಾನವಾಗಿ ಓದಮ್ಮ.

ಹುಲ್ಲು ಬೇಯಿಸಿ ಉಳಿದ ಕರಿನೀರನ್ನ ಕುದಿಸಿ ಗಟ್ಟಿ ಮಾಡೋ ನಮ್ಮ ಇವಾಪರೇಟರ್ ಈಗ ಚೆನ್ನಾಗಿ ಓಡ್ತಿದೆ. ವಾರಕ್ಕೊಂದ್ಸಲ ನಿಲ್ಲಿಸಿ ಬಿಸಿನೀರಲ್ಲಿ ತೊಳೀತೀವಿ. ಹೊಸ ಇಂಜಿನಿಯರು ಪುಸ್ತಕ ನೋಡಿ, "ಹುಲ್ಲಲ್ಲಿ ಮರಳಿನಂಥ ಅಂಶ ಇರುತ್ತೆ, ಕುದ್ದು ಗಟ್ಟಿಯಾಗ್ತಾ ಪೈಪಿಗೆ ಅಂಟುತ್ತೆ" ಅಂದ್ರು. ನನಗೆ ಮೈಯೆಲ್ಲ ಉರೀತು. "ಮುದ್ದೆ ಪಾತ್ರೆ ಕಣ್ಲಾ ಇದು, ಒಣಗೋಕ್ ಮುಂಚೆ ತೊಳುದ್ರೆ ನೀರು ಸಾಕು, ಒಣಗುದ್ಮೇಲೆ ಉಳಿ ಬೇಕು" ಅಂತ ನೀನು ಬಡ್ಕೊಂಡಾಗ ಯಾವ ಬಡ್ಡಿಮಗ ಕೇಳ್ದ?

ಏಳನೇ ಕ್ಲಾಸಲ್ಲಿ ಮೇಷ್ಟ್ರ ಮೇಲೆ ಜಗಳ ಆಡಿ ಸ್ಕೂಲು ಬಿಟ್ಟೋನು ನಾನು. ನೀನು ನನ್ನ ಕೈಗೆ ಸಲಾಕೆ ಕೊಟ್ಟು ಪೈಪು ತಟ್ಟಿಸ್ದೆ. "ಠಣ್ ಅಂದ್ರೆ ಕಿಲೀನು, ದಬ್ ಅಂದ್ರೆ ಕಟ್ಕೊಂಡೈತೆ. ಕಿವಿಗ್ಯಾಕ್ಲಾ ಇಸ್ಕೂಲು?" ಪಾಳಿ ಮುಗಿದಾಗ ನೀನು ಹೇಳೋದು, ನಾನು ರಿಜಿಸ್ಟರಲ್ಲಿ ಬರೆಯೋದು. "ಬರ್ದಿದ್ದು ಓದ್ಲಾ" ಅಂತಿದ್ದೆ. ನಾನು ಓದಿದ ಮೇಲೇ ಹೆಬ್ಬೆಟ್ಟು ಒತ್ತಿ, ಉಳಿದ ಮಸೀನ ನನ್ನ ಕೆನ್ನೆಗೆ ಒರೆಸಿ ನಗ್ತಿದ್ದೆ. ಈಗಲೂ ಪಾಳಿ ಮುಗಿದಾಗ ಕೆನ್ನೆ ಮುಟ್ಟಿ ನೋಡ್ಕೋತೀನಿ ಮಾಮ.

ನಿಮ್ಮನ್ನೆಲ್ಲ ಆ ತಾಯಿ ಮುತ್ಯಾಲಮ್ಮ ತಣ್ಣಗಿಟ್ಟಿರಲಿ.

ನಿನ್ನ ಹುಡುಗ,
ವಸಂತ

ಮರೆತ ಮಾತು: ಮರೆತಿಲ್ಲ, ಹೆದರಿದ್ದೆ. ಹೋದ ಜೂನಲ್ಲಿ, ನಿಲ್ಲಿಸಿದ್ರೆ ಮಾಲು ಕಮ್ಮಿ ಆಗುತ್ತೆ ಅಂತ ಹಳೇ ಮ್ಯಾನೇಜರು ಎರಡು ವಾರ ತೊಳೆಯೋಕೆ ಬಿಡಲಿಲ್ಲ. "ತೊಳ್ದಿಲ್ಲ ಅಂತ ಬರಿ" ಅಂದೆ ನೀನು. ತಪ್ಪು ತನ್ನ ತಲೆಗೆ ಬರಬಾರದು ಅಂತ ಅವನು ಮೊದಲೇ ನನ್ನ ಕರೆದು, "ತೊಳೆದಿದೆ ಅಂತ ಬರಿ, ಪರ್ಮನೆಂಟ್ ಮಾಡ್ತೀನಿ" ಅಂದಿದ್ದ. ತೊಳೆದಿದೆ ಅಂತ ಬರೆದೆ. ನಿನಗೆ ತೊಳೆದಿಲ್ಲ ಅಂತ ಓದಿದೆ. ನೀನು ನಂಬಿ ಹೆಬ್ಬೆಟ್ಟು ಒತ್ತಿದೆ. ಪೈಪು ಕಟ್ಟಿ ಮಿಲ್ಲು ನಿಂತಾಗ, ಸುಳ್ಳು ಬರೆಸಿದ ಅಂತ ನಿನ್ನನ್ನೇ ಆಚೆ ಹಾಕಿದ್ರು. "ನನ್ ಹುಡ್ಗ ಅಂಗೆಲ್ಲ ಬರ್ಯೋನಲ್ಲ" ಅಂತ ನೀನು ಗೇಟಲ್ಲಿ ಕೂಗ್ತಿದ್ದೆ. ನಾನು ಪಕ್ಕದಲ್ಲೇ ಬಾಯಿ ಮುಚ್ಕೊಂಡು ನಿಂತಿದ್ದೆ.

ಇವತ್ತು ಬೆಳಿಗ್ಗೆ ಇದನ್ನೇ ಬರೆದು ಇಂಜಿನಿಯರ ಕೈಗೆ ಕೊಟ್ಟಿದ್ದೀನಿ. ಸೈನು ಹಾಕಲಿಲ್ಲ. ಹೆಬ್ಬೆಟ್ಟು ಒತ್ತಿದೆ.

ಅಕ್ಷತ, ಬರೆದಿದ್ದನ್ನೇ ಓದಮ್ಮ.