ಎಡೆಗೆ ಮುಂಚಿನ ಹೋಳಿಗೆ

೯ ಮಾರ್ಚ್ ೧೯೩೮, ಗಂಗಾವತಿ

ಗಣಿತ, ಇತಿಹಾಸ, ಕನ್ನಡ—ಮೂರರಲ್ಲೂ ಪ್ರಥಮ. ಇದು ವಾಡಿಕೆ; ಬರೆಯತಕ್ಕ ಸುದ್ದಿಯಲ್ಲ. ಸುದ್ದಿಯೆಂದರೆ—ಬೈಬಲ್ ಪೇಪರಿಗೆ ಅಂಕವೇ ಇಲ್ಲ! ‘ಆದಾಮನು ಹಣ್ಣು ತಿನ್ನುವನೆಂದು ದೇವರಿಗೆ ಮೊದಲೇ ತಿಳಿದಿತ್ತೆ?’ ಎಂಬುದು ಪ್ರಶ್ನೆ. ತಿಳಿದಿತ್ತು; ತಿಳಿದೂ ಮರ ನೆಟ್ಟನು; ಆದುದರಿಂದ ತಪ್ಪು ತೋಟದ ಒಡೆಯನದು—ಎಂದು ಬರೆದಿದ್ದೆ. ತರ್ಕದಲ್ಲಿ ಎಲ್ಲಿ ದೋಷ?

ನಮ್ಮ ಮಿಷನ್ ಶಾಲೆಯ ಮಿಸ್ಸಮ್ಮನವರು ಕರೆಸಿದರು.

“ಬಳ್ಳಾರಿ ಟ್ರೇನಿಂಗ್ ಸಾಲಿಗೆ ಒಂದ ಹೆಸರು ಕಳಸೂದೈತಿ, ಅನ್ನಮ್ಮ. ಹುಣ್ಣಿಮಿ ಆದಮ್ಯಾಲೆ ಇದನ್ನ ಮತ್ತ ಬರಕೊಂಡ್ ಬಾ. ಇಲ್ಲಾಂದ್ರ ಗಾಳೆಮ್ಮನ ಹೆಸರು ಹೋಗತೈತಿ.”

ಗಾಳೆಮ್ಮ! ಎರಡನೆಯ ಸ್ಥಾನದವಳು. ಬೈಬಲ್ ಪಾಠದ ಉಪದೇಶಿಗಳು ಕಲಿಸಿದ ‘ಸ್ವತಂತ್ರ ಚಿತ್ತ’ವನ್ನು—ಆದಾಮನು ತಾನಾಗಿಯೇ ಆರಿಸಿಕೊಂಡನೆಂಬುದನ್ನು—ಮಗ್ಗಿಯಂತೆ ಒಪ್ಪಿಸಿದವಳು. ನನ್ನ ಗೆಳತಿ—ಅದು ಬೇರೆ ಮಾತು.

ಬಳ್ಳಾರಿಗೆ ಹೋಗದೆ ಶಿಕ್ಷಕಿಯಾಗುವಂತಿಲ್ಲ. ಶಿಕ್ಷಕಿಯಾಗದೆ ನಾನು ಇರುವಂತಿಲ್ಲ.

೧೪ ಮಾರ್ಚ್

ಹಾಳೆಗಳನ್ನು ಹರಿದದ್ದೇ ಬಂತು. ಅರ್ಥವಾಗದ್ದನ್ನು ಅರ್ಥವಾಯಿತೆಂದು ಬರೆಯಲಾರೆ...

೧೬ ಮಾರ್ಚ್, ಹೋಳಿ ಹುಣ್ಣಿಮೆ, ಮಧ್ಯಾಹ್ನ

ಅಪ್ಪನ ತಾಯಿ, ನಮ್ಮ ಆಯಿ, ಹೋಳಿಗೆಯ ಬುಟ್ಟಿಯನ್ನು ನನ್ನೆದುರಿಗೇ ಇಟ್ಟು, “ದೇವರಿಗೆ ಎಡಿ ಆಗೂತನಕ ಕೈ ಹಚ್ಚಬ್ಯಾಡ” ಎಂದು ಹೇಳಿ ಸ್ನಾನಕ್ಕೆ ಹೋದಳು. ಒಂದನ್ನು ತಿಂದೆ. ಬಿಸಿಯಾಗಿತ್ತು.

ಬಂದವಳು ಬುಟ್ಟಿ ನೋಡಿದಳು, ಬೈಯಲಿಲ್ಲ. ಮಾಡದಲ್ಲಿ ಮುಚ್ಚಿಟ್ಟಿದ್ದ ಇನ್ನೊಂದು ತಟ್ಟೆ ತೆಗೆದಳು—ದೇವರ ಹೋಳಿಗೆ!

“ನೀ ತಿಂತೀದಿ ಅಂತ ಗೊತ್ತಿತ್ತು.”

“ಗೊತ್ತಿದ್ರ ಬುಟ್ಟೀನ ಎತ್ತಿಡಬೇಕಿತ್ತಲ್ಲ! ಹಂಗಾರ ತಿನ್ನಿಸಿದಾಕಿ ನೀನ!”

“ಅಯ್ಯ ಇಕಿನ! ತಿಂದ ಬಾಯಿ ಯಾರದು? ಮನಿ ಮಗಳ ಮುಂದ ಬೀಗ ಹಾಕ್ಕೊಂಡ ಕುಂದರ್ಲೇನು?”

ಬಾಯಲ್ಲಿ ಬೆಲ್ಲವಿತ್ತು. ತುಟಿ ಒರೆಸಿಕೊಂಡೆ.

೧೮ ಮಾರ್ಚ್

ಒಂದೇ ಉಸಿರಿನಲ್ಲಿ ಬರೆದೆ. ಆಯಿಗೆ ತಿಳಿದಿತ್ತು, ಆ ತಿಳಿವಳಿಕೆ ನನ್ನ ಕೈಯನ್ನು ಬುಟ್ಟಿಗೆ ನೂಕಲಿಲ್ಲ. ಮೇಲಾಗಿ, ತಪ್ಪು ನಡೆಯುವ ಮೊದಲೇ ಅದಕ್ಕೆ ಪರಿಹಾರವನ್ನು ತೆಗೆದಿಟ್ಟಿದ್ದಳು. ದೇವರೂ ಹಾಗೆಯೇ, ರಕ್ಷಕನನ್ನು ಮೊದಲೇ ಗೊತ್ತುಮಾಡಿಟ್ಟಿದ್ದನು. ಆದರೆ ಕಡೆಯ ಸಾಲು—‘ನನ್ನೊಳಗಿನ ಆಸೆಯನ್ನು ಆಯಿ ಸೃಷ್ಟಿಸಲಿಲ್ಲ. ಆದಾಮನ ಆಸೆಯನ್ನು ಸೃಷ್ಟಿಸಿದವರಾರು?’

ಗಾಳೆಮ್ಮ ಓದಿ ಹಣೆ ಚಚ್ಚಿಕೊಂಡಳು. “ಆ ಒಂದ ಸಾಲು ಅಳಸಿಬಿಡು! ಬಳ್ಳಾರಿ ಬ್ಯಾಡೇನು?”

ಬೇಕು. ಅಳಿಸಲಿಲ್ಲ.

೨೧ ಮಾರ್ಚ್

ಮಿಸ್ಸಮ್ಮನವರು ಓದಿದರು, ಕನ್ನಡಕ ತೆಗೆದರು.

“ಕಡೀ ಸಾಲಿಗೆ ನನ್ನ ಹತ್ರನೂ ಉತ್ತರಿಲ್ಲ. ಹತ್ತಕ್ಕ ಆರು.”

“ಆರ ಏನ್ರೀ?!”

“ಸೊಕ್ಕಿಗೆ ನಾಕು ಕಡಿಮಿ. ಆದ್ರ ಹೆಸರು ನಿಂದ ಹೋಗತೈತಿ. ಬಳ್ಳಾರಿಗೆ ಹೋಗಿ ಅವರ ತಲಿ ತಿನ್ನು.”

ಆರು! ಗಾಳೆಮ್ಮನಿಗೆ ಒಂಬತ್ತು. ಆದರೂ ಮನೆಯವರೆಗೆ ಓಡಿದೆ—ಬೀದಿಯಲ್ಲಿ, ಎಲ್ಲರೆದುರು.

೬ ಜೂನ್, ಬೆಳಿಗ್ಗೆ

ಗಾಡಿ ಕಟ್ಟಿದ್ದಾರೆ. ಮುಚ್ಚಳ ಕೂಡದ ನನ್ನ ಟ್ರಂಕಿನ ಮೇಲೆ ಗಾಳೆಮ್ಮ ಕುಳಿತಿದ್ದಾಳೆ.

“ಬಳ್ಳಾರ್ಯಾಗೂ ನೀನ ಮೊದಲ ಬರ್ತಿ. ನನಗ ಈಗನ ಗೊತ್ತೈತಿ.”

“ಹಂಗಾರ ನಾ ಯಾಕ ಓದಬೇಕು?”

“ನೀ ಓದೂದೂ ಗೊತ್ತೈತಿ. ಬರಿಯೂದ ಬಿಟ್ಟು ಮ್ಯಾಲೇಳು!”

ಗಾಡಿಯವನು ಕೂಗುತ್ತಿದ್ದಾನೆ. ಇದಕ್ಕೆ ತಕ್ಕ ಪ್ರತ್ಯುತ್ತರ ನನ್ನಲ್ಲಿದೆ. ಅದು ಏನೆಂದರೆ—